ಇಕ್ಬಾಲ್ ಕುಡಿಯುತ್ತಿರಲಿಲ್ಲ

ಭದ್ರಾವತಿಯಲ್ಲಿ ಗೆಳೆಯ ಇಕ್ಬಾಲನ ಮಣ್ಣು ಮುಗಿಸಿ ಹೊರಬಂದೆವು. ಪಕ್ಕದಲ್ಲಿ ನಡೆಯುತ್ತಿದ್ದವರೊಬ್ಬರು ಮೆಲ್ಲಗೆ ಕೇಳಿದರು: "ಲಿವರ್ ಹೋಗಿತ್ತಂತೆ?" ಕೇಳಿ, ಹೆಬ್ಬೆರಳನ್ನು ಬಾಯಿಯತ್ತ ಎತ್ತಿ ತೋರಿಸಿದರು.

ಅಯ್ಯೋ ದೇವರೇ! ಇಕ್ಬಾಲ್ ಲೇತ್ ಕೆಲಸದವನು. ಚಹಾ ಬಿಟ್ಟು ಬೇರೇನೂ ಕುಡಿದವನಲ್ಲ (ಅದಕ್ಕೆ ಮಾತ್ರ ಸಕ್ಕರೆ ಜಾಸ್ತಿ ಬೇಕಿತ್ತು). ಆದರೆ ನಮ್ಮಲ್ಲಿ ಲಿವರ್ ಅಂದರೆ ಎಣ್ಣೆ. ಮುಗಿಯಿತು, ತೀರ್ಪು ಆಯಿತು.

ನಡೆದದ್ದೇ ಬೇರೆ. ಈ ಸಲ ಚಿಕೂನ್‌ಗುನ್ಯಾ ಯಾರನ್ನು ಬಿಟ್ಟಿದೆ ಹೇಳಿ? ಅವನ ಬೀದಿಯಲ್ಲಿ ಎಲ್ಲರೂ ಗೋಡೆ ಹಿಡಿದು ನಡೆಯುವವರೇ. ಯಾರಿಗೆ ಯಾವ ಮಾತ್ರೆ ಹಿಡಿಸಿತೋ ಅದನ್ನು ಪಕ್ಕದ ಮನೆಗೂ ಕೊಡುವುದು. "ನಂಗೆ ಇದ್ರಲ್ಲೇ ಕಮ್ಮಿ ಆಯ್ತು, ಅವ್ರಿಗೂ ಕೊಡು ಮಾರಾಯ್ತಿ." ಇಕ್ಬಾಲನ ಹೆಂಡತಿ ಶಾಹಿನಾ ಎಲ್ಲವನ್ನೂ ಕೊಟ್ಟರು. ಡಾಕ್ಟರು ಬರೆದದ್ದು, ಮೆಡಿಕಲ್ ಶಾಪಿನದ್ದು, ಆಚೆಮನೆಯದು, ಈಚೆಮನೆಯದು. ಗಂಡ ನೋವಿಗೆ ಅಳುತ್ತಿದ್ದರೆ ಯಾರು ತಾನೇ ಕೊಡುವುದಿಲ್ಲ? ಅವನಿಗೆ ಅನ್ನವೂ ಸೇರುತ್ತಿರಲಿಲ್ಲ.

ಕಣ್ಣು ಹಳದಿಯಾದ ಮೇಲೆ ಶಿವಮೊಗ್ಗದ ಆಸ್ಪತ್ರೆಗೆ ತಂದರು. ಡಾಕ್ಟರು ಖಾಲಿ ಸ್ಟ್ರಿಪ್‌ಗಳನ್ನು ನೋಡಿ ತಲೆ ಹಿಡಿದುಕೊಂಡರು. "ಹೆಸ್ರು ಬೇರೆ ಬೇರೆ, ಒಳಗಿರೋದು ಒಂದೇ ಪ್ಯಾರಾಸಿಟಮಾಲ್. ವಿಪರೀತ ಆಗಿದೆ ರೀ."

ನೋಡಲು ಹೋಗಿದ್ದ ನನಗೂ ಡಾಕ್ಟರು ಬಿಡಿಸಿ ಹೇಳಿದರು. ಆ ಮಾತ್ರೆ ಮಿತಿ ಮೀರಿದರೆ ಲಿವರಿನಲ್ಲಿ ವಿಷ ಹುಟ್ಟುತ್ತದೆ. ಅದನ್ನು ತಡೆಯುವ ಶಕ್ತಿ ಊಟ ಬಿಟ್ಟವರಲ್ಲಿ ಬೇಗ ಬರಿದಾಗುತ್ತದೆ. ಆಮೇಲೆ ಜೀವಕೋಶಕ್ಕೆ, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ, ಒಳಗಿಂದ ಕೆಡುಕು. ಕೋಶದಲ್ಲಿ ಕ್ಯಾಲ್ಸಿಯಂ ಅಳತೆ ಮೀರದಂತೆ ಹೊರಹಾಕುವ ಪಂಪುಗಳಿವೆಯಂತೆ. ಅವು ಕೈಕೊಡುತ್ತವೆ. ಕ್ಯಾಲ್ಸಿಯಂ ನುಗ್ಗಿ ತುಂಬಿಕೊಳ್ಳುತ್ತದೆ, ಕೋಶ ಸಾಯುತ್ತದೆ. ಮೂಳೆಗೆ ಒಳ್ಳೆಯದೆಂದು ಮಕ್ಕಳಿಗೆ ಹಾಲಿನಲ್ಲಿ ಕುಡಿಸುತ್ತೇವಲ್ಲ, ಅದೇ ಕ್ಯಾಲ್ಸಿಯಂ!

ಮೊನ್ನೆ ಮತ್ತೆ ಅವರ ಮನೆಗೆ ಹೋಗಿದ್ದೆ. ಬೀದಿಯ ಮಾತು ಶಾಹಿನಾ ಕಿವಿಗೂ ಬಿದ್ದಿತ್ತು. ಮಗಳ ಮದುವೆಗೆ ಗೊತ್ತಾಗಿದ್ದ ಗಂಡಿನ ಕಡೆಯವರೂ 'ಅಪ್ಪನಿಗೆ ಚಟ ಇತ್ತಾ' ಎಂದು ವಿಚಾರಿಸಿದ್ದರಂತೆ.

"ನೀವು ಬರೆಯೋ ಪೇಪರಲ್ಲಿ ಇದನ್ನೂ ಬರೀರಿ ಅಣ್ಣಾ" ಅಂದರು ಶಾಹಿನಾ.

"ಬರೆದ್ರೆ ಮಾತ್ರೆ ವಿಷ್ಯಾನೂ ಬರುತ್ತಲ್ಲ ಭಾಭಿ..." ಅಂದೆ.

"ಬರ್ಲಿ. ನನ್ ಕೈಯಾರೆ ಕೊಟ್ಟೆ ಅಂತಾನೇ ಬರೀರಿ. ಅವ್ರು ಕುಡೀತಿದ್ರು ಅಂತ ಮಾತ್ರ ಯಾರೂ ಅನ್ಬಾರ್ದು."

ಬರೆದಿದ್ದೇನೆ. ಆ ಹೆಣ್ಣುಮಗಳ ಮುಖ ನೋಡಿಕೊಂಡು ಇನ್ನೊಮ್ಮೆ ಆ ಮಾತಾಡಲು ನಿಮ್ಮಲ್ಲಿ ಯಾರಿಗೆ ಬಾಯಿ ಬರುತ್ತದೆ?