ಕೋಟೆ ಹತ್ತಿ ಹಿಡಿದ ಖೇಣಿ

ಅಡಿಕೆ ತೋಟ ನೋಡುವವನು ಬಸ್ಸಿನಲ್ಲಿ ಹೋಗಬಾರದು. ಸೈಕಲ್ಲೇ ಸರಿ. ಬೇಲಿಯ ಮೇಲಿಂದ ಗೊನೆ ಕಾಣುತ್ತದೆ, ಬೇಕೆನಿಸಿದಲ್ಲಿ ಕಾಲೂರಿ ನಿಲ್ಲಬಹುದು. ಎಪ್ಪತ್ತರ ದಶಕದ ಕೊನೆಯಲ್ಲಿ ಚನ್ನಗಿರಿಯಿಂದ ಬಸವಾಪಟ್ಟಣ, ಹೊನ್ನಾಳಿ, ನ್ಯಾಮತಿವರೆಗೆ ನಾನು ಹಾಗೆ ತುಳಿದವನು. ಹುಟ್ಟಿದ್ದು ಜಗಳೂರು ಕಡೆಯ ಸೇಂಗಾ ಹೊಲದಲ್ಲಿ. ಮೂರು ವರ್ಷ ಬೇರೆಯವರ ಅಡಿಕೆ ಮಂಡಿಯಲ್ಲಿ ಚೀಲ ಹೊತ್ತಿದ್ದೆ. ಈ ಸಲ ಸ್ವಂತಕ್ಕೆ ಒಂದು ಖೇಣಿ ಹಿಡಿಯಲೇಬೇಕು, ಅಂದರೆ ಕಾಯಿ ಮರದಲ್ಲಿರುವಾಗಲೇ ಫಸಲಿಗೆ ದರ ಮಾತಾಡಿ ಕೊಂಡುಬಿಡಬೇಕು ಎಂದು ಹಟ ತೊಟ್ಟಿದ್ದೆ. ಸಿಗದಿದ್ದರೆ ಮತ್ತೆ ಚೀಲವೇ ಗತಿ.

ಬಸವಾಪಟ್ಟಣದ ಹತ್ತಿರ ಒಂದು ತೋಟ ಮನಸ್ಸಿಗೆ ಬಂತು. ಯಜಮಾನರು ಮಿಲಿಟರಿಯಲ್ಲಿದ್ದು, ಯುದ್ಧ ನೋಡಿ ಬಂದವರು. ಖೇಣಿಗೆ ಹೋದವರು ಮೊದಲು ಮಾಲನ್ನು ಹೀಗಳೆಯುವುದು ವಾಡಿಕೆ. ಗೊನೆ ತೆಳು, ಕಾಯಿ ಉದುರಿದೆ ಎಂದೆ. ಯಾವ ಊರೆಂದು ಕೇಳಿದರು, ಜಗಳೂರು ಕಡೆ ಎಂದೆ. ಅವರು ನಕ್ಕರು. ಗುಡ್ಡದ ಮೇಲಿನ ಹಳೇ ಕೋಟೆಯತ್ತ ಕೈ ತೋರಿಸಿ, "ಅದನ್ನ ನೋಡೀರೇನು?" ಎಂದರು.

ನನ್ನ ಬಾಯಿ ಅದೇ ಓಟದಲ್ಲಿತ್ತು. "ಏನೈತ್ರಿ ಅದರಾಗೆ? ಬಿದ್ದ ಕಲ್ಲು. ದನ ಕಟ್ಟಾಕೂ ಬರಲ್ಲ."

"ಹತ್ತಿ ನೋಡೀಯಾ?"

"ಇಲ್ರೀ."

"ನೋಡದೇ ಬೆಲೆ ಕಟ್ಟೋನಿಗೆ ತೋಟ ಹೆಂಗಪ್ಪಾ ಕೊಡ್ಲಿ? ನಮ್ಮ ಹಿರೇರು ಆ ಗೋಡೆ ಮ್ಯಾಲೆ ನಿಂತು ಬಡಿದಾಡಿದೋರು. ಹೋಗು, ಸೇಂಗಾ ಸುಲಿ."

ಹೊನ್ನಾಳಿ ದಾರಿ ಹಿಡಿದೆ. ಎದುರುಗಾಳಿ, ಏರು, ಚೈನು ಎರಡು ಸಲ ಕಳಚಿತು. ಮೂರನೆಯ ಸಲ ಕಳಚಿದಾಗ ಮಸಿ ಕೈಯಲ್ಲೇ ಯೋಚಿಸಿದೆ: ಮುಂದಿನ ತೋಟದಲ್ಲೂ ಇದೇ ಬಾಯಿ ತಾನೇ ಹೋಗುವುದು? ಸೈಕಲ್ ತಿರುಗಿಸಿದೆ. ಗುಡ್ಡದ ಬುಡದಲ್ಲಿ ಬೀಗ ಹಾಕಿ, ಉರಿಬಿಸಿಲಲ್ಲಿ ಹತ್ತಿದೆ. ಕೈಯಾರೆ ಗೋಡೆ ಮುಟ್ಟಿದೆ. ಕೆಳಗಿನ ಕಲ್ಲುಸಾಲುಗಳ ನಡುವೆ ಉಗುರು ಸಹ ತೂರಲಿಲ್ಲ. ಮೇಲಿಂದ ಅವರ ತೋಟವೂ ಇಡಿಯಾಗಿ ಕಂಡಿತು.

ಇಳಿದು ಹೋದಾಗ ಅವರು ತೋಟದ ಕಾಲುವೆ ಬದಿಯಲ್ಲಿದ್ದರು.

"ಗೋಡೆ ಗಟ್ಟಿ ಐತ್ರಿ, ತಪ್ಪು ನಂದು. ಆದ್ರೆ ನಿಮ್ಮ ತೋಟದ ಮೂಡಲ ಮೂಲೆಗೆ ನೀರು ಹತ್ತಿಲ್ಲ. ಮರ ಹಳದಿ ಆಗ್ಯಾವೆ."

"ಎಲಾ ಇವನ! ಅಲ್ಲಿಗೆ ಹೋಗಿ ನನ್ನ ತೋಟಾನೇ ನೋಡಿ ಬಂದ್ಯಾ?"

"ಎರಡೂ ನೋಡ್ದೆ ರೀ."

ಗಟ್ಟಿಯಾಗಿ ನಕ್ಕು ಹೆಗಲ ಟವೆಲ್ ನನ್ನ ಕೈಮೇಲೆ ಹಾಸಿದರು. ನಮ್ಮಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ತಿಳಿಸುವುದು. ನಾನು ಎಣಿಸಿದ್ದಕ್ಕಿಂತ ಅವರು ಒಂದು ಬೆರಳು ಹೆಚ್ಚಿಗೇ ಹಿಡಿದರು. ಆವತ್ತು ಚೌಕಾಸಿ ಮಾಡಲಿಲ್ಲ, ಒಪ್ಪಿದೆ. ಮರುದಿನ ಹೊನ್ನಾಳಿಯ ಇನ್ನೊಂದು ತೋಟದಲ್ಲಿ ಮಾಡಿದೆ, ಮೊದಲು ಅದರ ನಾಲ್ಕೂ ಮೂಲೆ ಸುತ್ತಿ ಬಂದು.