ಹುಳುಮನೆಯ ಹೊಸ್ತಿಲು

ಕಾಲೇಜಿನವರು ಮೂರು ತಿಂಗಳು ಪರದೇಶಕ್ಕೆ ಕಳಿಸುತ್ತಾರಂತೆ, ಅಷ್ಟರಲ್ಲಿ ಏನು ಕಲಿಯುವುದಾಗುತ್ತದೆ ಎಂದು ಮೊನ್ನೆ ನಿಮ್ಮಲ್ಲೊಬ್ಬರು ಕೇಳಿದಿರಿ. ಎದುರಿಗೆ ಹೇಳಲು ನನಗೆ ಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಅದು ಅರವತ್ತರ ದಶಕದ ಮೊದಲ ವರ್ಷಗಳು. ನಿಮ್ಮ ತಾತ ತೀರಿಕೊಂಡ ಮೇಲೆ ಕೂಸನ್ನು ಎತ್ತಿಕೊಂಡು ಶಿಡ್ಲಘಟ್ಟದ ಹತ್ತಿರದ ತವರಿಗೆ ಬಂದಿದ್ದೆ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಬಿಡಿಸಿ ಹೊತ್ತು ತರುವುದು ನನ್ನ ಕೆಲಸ. ಹುಳುಮನೆಯೊಳಗೆ ಮಾತ್ರ ಹೋಗುವಂತಿರಲಿಲ್ಲ. ಗಂಡ ಸತ್ತವಳ ಕಣ್ಣು ಬಿದ್ದರೆ ಹುಳು ಗೂಡು ಕಟ್ಟುವುದಿಲ್ಲ ಎಂಬ ನಂಬಿಕೆ. ಸೊಪ್ಪಿನ ಮಂಕರಿಯನ್ನು ಹೊಸ್ತಿಲಲ್ಲಿಟ್ಟು ಹಿಂದೆ ಸರಿಯುತ್ತಿದ್ದೆ. ಹುಳು ಮೇಯುವ ಸದ್ದು ಹೊರಗೂ ಕೇಳುತ್ತಿತ್ತು. ಒಳಗೆ ಹೋಗಬೇಕೆಂಬ ಆಸೆ ಬಹಳವಿತ್ತು. ಯಾರಿಗೂ ಹೇಳಿರಲಿಲ್ಲ.

ನನ್ನ ತಮ್ಮ ಬೆಂಗಳೂರಿನಲ್ಲಿ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ. ಜಪಾನಿನ ಒಂದು ರೈತರ ಮನೆಯಲ್ಲಿದ್ದು ಹುಳು ಸಾಕುವುದನ್ನು ಕಲಿಯಲು ಅವನನ್ನು ಮೂರು ತಿಂಗಳು ಕಳಿಸಿದರು. ಹಿಂತಿರುಗಿದಾಗ ಊರಿನವರು ಯಂತ್ರಗಳ ಸುದ್ದಿ ಕೇಳಿದರು. ಅವನು ಹೇಳಿದ್ದು ಕೈ ತೊಳೆಯುವ ಸುದ್ದಿ.

"ಆ ಮನೆ ಅಜ್ಜಿ ನನ್ನ ಕೈ ಮೇಲೆ ಒಂದೇಟು ಕೊಟ್ಟಳಮ್ಮ. ತೊಳೀದೆ ಹುಳ ಮುಟ್ಟೋಕೆ ಹೋದೆ ಅಂತ."

"ಒಳ್ಳೇದೇ ಮಾಡವ್ಳೆ. ನಾನು ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು," ಎಂದಳು ಅಮ್ಮ.

"ಹುಳುಮನೆಗೆ ಅವಳೇ ಯಜಮಾನಿ. ಗಂಡ ತೀರ್ಕೊಂಡು ಎಷ್ಟೋ ವರ್ಷ ಆಯ್ತಂತೆ. ಅವಳು ಸಾಕಿದ ಹುಳ ಗೂಡು ಕಟ್ಟಿದ್ದನ್ನ ನಾನೇ ನೋಡಿದೀನಿ. ಅಕ್ಕಂಗೂ ಒಂದು ತಟ್ಟೆ ಹುಳ ಬಿಟ್ಕೊಡು."

ಅಮ್ಮ ಸೆರಗು ಸರಿಮಾಡಿಕೊಂಡಳು. "ಅದು ಅವರ ದೇಶ ಕಣೋ. ಇಲ್ಲಿ ಹುಳದ ಬೆಳೆ ಹೋದ್ರೆ ಊರೋರು ಇವಳನ್ನೇ ಅಂತಾರೆ."

"ಇವಳ ತಟ್ಟೆ ಒಂದೇ ಹೋಗಿ ಮಿಕ್ಕಿದ್ದು ಉಳಿದ್ರೆ ನಾನು ಬಾಯಿ ಮುಚ್ಕೋತೀನಿ."

ಅಮ್ಮ ಒಪ್ಪಿದಳು. ಪುಸ್ತಕದಲ್ಲಿ ಓದಿ ಬಂದು ಹೇಳಿದ್ದರೆ ಅಮ್ಮ ಒಪ್ಪುತ್ತಿರಲಿಲ್ಲವೆಂದು ನನ್ನ ಎಣಿಕೆ. ಅವನು ಆ ಮನೆಯಲ್ಲಿ ಉಂಡು, ಏಟು ತಿಂದು ಬಂದಿದ್ದ.

ಸೋಪು ಹಚ್ಚಿ ಕೈ ತೊಳೆದು ಒಳಗೆ ಹೋದೆ. ಹುಳು ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರವೆನ್ನುತ್ತಾರೆ. ನಾಲ್ಕು ಜ್ವರ ಕಳೆಯುವವರೆಗೆ ಆ ಒಂದು ತಟ್ಟೆಯನ್ನು ನೋಡಿಕೊಂಡೆ. ಆ ಬೆಳೆಯಲ್ಲಿ ಅಮ್ಮನ ಎರಡು ತಟ್ಟೆ ಹುಳು ಕೊಳೆತು ಹೋದವು. ನನ್ನವು ಚಂದ್ರಿಕೆಯ ಮೇಲೆ, ಹಣ್ಣಾದ ಹುಳು ಬಿಡುವ ಬಿದಿರಿನ ತಟ್ಟಿಯ ಮೇಲೆ, ಗೂಡು ಕಟ್ಟಿದವು.

ಮುಂದಿನ ಬೆಳೆಯ ಹೊತ್ತಿಗೆ ಒಂದು ಬೆಳಿಗ್ಗೆ ನಾನು ಹುಳುಮನೆಯೊಳಗಿದ್ದೆ. ಸಗಣಿ ಬಾಚಿ ಬಂದ ಅಮ್ಮ ಹೊಸ್ತಿಲಾಚೆ ನಿಂತಳು.

"ಒಳಗೆ ಬರ್ಲೇನೇ?"

"ಕೈ ತೊಳ್ಕೊಂಡು ಬಾಮ್ಮ," ಎಂದೆ.

ತೊಳೆದುಕೊಂಡೇ ಬಂದಳು.