ನಮ್ಮ ನಾಟಕದಲ್ಲಿಲ್ಲದ ಮಾತು

ಹಿರಿಯೂರಿನ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಟೀಚರ್. ರಜೆ ಸಿಕ್ಕಾಗ ನಾವು ಕೆಲವರು ಸೇರಿ ಹಳ್ಳಿಗಳಿಗೆ ಹೋಗಿ ನಾಟಕ ಆಡುತ್ತೇವೆ. ವೇದಿಕೆ, ಪರದೆ ಏನೂ ಇಲ್ಲ, ಒಂದು ಚಾಪೆ ಸಾಕು. ಕತೆಯನ್ನು ಒಮ್ಮೆ ಕೆಟ್ಟ ಕೊನೆಯವರೆಗೆ ಆಡಿ ತೋರಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತೇವೆ. ಎರಡನೇ ಸಲ, ನೋಡುತ್ತಿರುವವರು ಯಾರಾದರೂ ‘ನಿಲ್ಲಿಸ್ರಿ’ ಎಂದು ಕೂಗಿ ಎದ್ದು ಬಂದು ಯಾವುದಾದರೂ ಪಾತ್ರವನ್ನು ತಾವೇ ಆಡಬಹುದು, ಕತೆಯನ್ನು ತಿರುಗಿಸಬಹುದು.

ಧರ್ಮಪುರದ ಆಚೆ, ಕುರಿ ಸಾಕುವವರ ಹಟ್ಟಿಯೊಂದಕ್ಕೆ ಅಲ್ಲಿನ ಅಂಗನವಾಡಿ ಟೀಚರ್ ನಮ್ಮನ್ನು ಕರೆಸಿದ್ದರು. ಹೆತ್ತವಳನ್ನು ಕೂಸಿನ ಸಮೇತ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಿಸುವ ರೂಢಿ ಅಲ್ಲಿ ಇನ್ನೂ ಇತ್ತು. ಸೂತಕ ಒಳಗೆ ಬಂದರೆ ದೇವರು ಮುನಿಯುತ್ತಾನೆಂಬ ಅಂಜಿಕೆ. ನಮ್ಮ ಕತೆಯೂ ಅದೇ. ನಾನು ಬಾಣಂತಿ, ಟವೆಲ್ ಸುತ್ತಿದ ಗಂಟೇ ನನ್ನ ಕೂಸು.

ಮಧ್ಯಾಹ್ನದ ಬಿಸಿಲು. ಶೇಂಗಾ ಹೊಲಗಳ ಕಡೆಯಿಂದ ಗಾಳಿ ಬೀಸುತ್ತಿತ್ತು. ಎರಡನೇ ಸಲ ಶುರು ಮಾಡಿ ಇನ್ನೂ ನಾಲ್ಕು ಮಾತಾಡಿರಲಿಲ್ಲ, ಹೆಂಗಸರ ನಡುವಿನಿಂದ ದನಿ ಬಂತು.

“ನಿಲ್ಲಿಸ್ರಿ.”

ಐವತ್ತು ದಾಟಿದ ಒಬ್ಬಾಕೆ ಎದ್ದು ಬಂದಳು. ನನ್ನ ಕೈಯಿಂದ ಗಂಟನ್ನು ಎತ್ತಿಕೊಂಡು, ಜನರಿಗೆ ಬೆನ್ನು ಮಾಡಿ, ದೂರದ ಗುಡಿಸಲಿಗೆ ಮುಖ ಮಾಡಿ ಕೂತಳು. ಸೆರಗಿನಿಂದ ಅದನ್ನು ಮುಚ್ಚಿದಳು. ಆಮೇಲೆ ಒಂದು ಬೆರಳನ್ನು ಗಂಟಿನ ಹತ್ತಿರ, ಕೂಸಿನ ಮೂಗು ಇರಬೇಕಾದ ಜಾಗದಲ್ಲಿ ಹಿಡಿದು, ಸುಮ್ಮನೆ ಕಾದಳು.

“ಅತ್ತೇ, ಕೂಸು ಅಳ್ತಿಲ್ಲ.”

ಅತ್ತೆಯ ಪಾತ್ರ ಮಾಡುತ್ತಿದ್ದ ಗೆಳತಿ ನನ್ನ ಮುಖ ನೋಡಿದಳು. ಗಂಟು ಹಿಡಿದಾಕೆ ಮತ್ತೆ ಅದನ್ನೇ ಹೇಳಿದಳು. ಆಗ ಹಿಂದಿನ ಮನೆಯೊಂದರ ಗೋಡೆಯ ಬುಡದಿಂದ ಒಡಕು ದನಿಯೊಂದು ಉತ್ತರ ಕೊಟ್ಟಿತು.

“ಬೆಳಕು ಹರೀಲಿ. ನೋಡಾಣ.”

ಕಣ್ಣು ಕಾಣದ ಒಬ್ಬ ಹಣ್ಣು ಮುದುಕಿ ಅಲ್ಲಿ ಕೂತಿದ್ದಳು. ಆಕೆಯನ್ನು ಬಿಸಿಲಿಗೆಂದು ಯಾರೋ ತಂದು ಕೂರಿಸಿದ್ದರು, ನಾಟಕಕ್ಕಲ್ಲ. ನನ್ನ ಪಕ್ಕದಲ್ಲಿದ್ದ ಅಂಗನವಾಡಿ ಟೀಚರ್ ನನ್ನ ತೋಳು ಹಿಡಿದುಕೊಂಡರು. “ಅವ್ರೇ ಇವ್ರ ಅತ್ತೆ ಕಣ್ರಿ,” ಎಂದು ಪಿಸುಗುಟ್ಟಿದರು. “ಅಜ್ಜಿಗೆ ಮಾತು ನಿಂತು ವರ್ಷಗಳೇ ಆಗಿದ್ವು.”

“ಕೈಯೆಲ್ಲ ತಣ್ಣಗಾಗೈತೆ, ಅತ್ತೇ.”

“ಬೆಳಕು ಹರೀಲಿ ಅಂದ್ನಲ್ಲ.”

ಕಣ್ಣು ಕುಕ್ಕುವ ಬಿಸಿಲಲ್ಲಿ ಅವರಿಬ್ಬರೂ ಯಾವುದೋ ಹಳೆಯ ರಾತ್ರಿಯ ಕತ್ತಲೆಯಲ್ಲಿದ್ದರು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಗಂಡಸರು ಬೀಡಿ ಕೆಳಗಿಟ್ಟರು. ನಾಟಕ ನಿಲ್ಲಿಸಬೇಕೆಂದು ನನಗೆ ಅನ್ನಿಸಿತು, ಆದರೆ ನಿಲ್ಲಿಸಲಿಲ್ಲ. ಆ ಗಂಟಿನೊಳಗೆ ಟವೆಲ್ ಬಿಟ್ಟು ಬೇರೇನೂ ಇಲ್ಲವೆಂದು, ಅದನ್ನು ಸುತ್ತಿದ ನನಗೇ ಆ ಗಳಿಗೆಯಲ್ಲಿ ಖಾತ್ರಿ ಇರಲಿಲ್ಲ.

ಆಗ ಎದ್ದವಳು, ಗಂಟು ಹಿಡಿದು ಕೂತಾಕೆಯ ಸೊಸೆ. ತುಂಬು ಬಸುರಿ. ಹೊಟ್ಟೆ ಹಿಡಿದುಕೊಂಡು ನಿಧಾನಕ್ಕೆ ಚಾಪೆಯ ಮೇಲೆ ಬಂದು ಅತ್ತೆಯ ಮುಂದೆ ಕೈ ಚಾಚಿದಳು.

“ಏಳತ್ತೆ. ಕೂಸ್ನೆತ್ಕಂಡು ಒಳಕ್ಕೆ ಹೋಗಾಣ.”

“ಒಳಕ್ಕಾ? ದೇವ್ರು?”

“ಅವ್ನು ನೋಡ್ಕಂತಾನೆ. ಏಳು.”

ಆಕೆ ಎದ್ದಳು. ಇಬ್ಬರೂ ಚಾಪೆ ದಾಟಿ, ಜನ ಬಿಟ್ಟ ದಾರಿಯಲ್ಲಿ, ಗೋಡೆಯ ಬಳಿಯ ಮುದುಕಿಯನ್ನು ಬಳಸಿ, ತಮ್ಮ ಮನೆಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಚಪ್ಪಾಳೆ ಯಾರೂ ತಟ್ಟಲಿಲ್ಲ. ನಾವು ಕಾದೆವು, ಬಾಗಿಲು ತೆರೆಯಲಿಲ್ಲ. ಟವೆಲ್ ಕೇಳುವ ಧೈರ್ಯವಾಗದೆ ಚಾಪೆ ಸುತ್ತಿಕೊಂಡು ಬಸ್ಸು ಹಿಡಿದೆವು.

ಸೊಸೆಗೆ ಹಿರಿಯೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತೆಂದೂ, ಅಂದು ಗಂಟು ಎತ್ತಿಕೊಂಡಿದ್ದ ಅವಳ ಅತ್ತೆಯೇ ಹಟ ಹಿಡಿದು ಕೂಸನ್ನು ನೇರ ಮನೆಯೊಳಕ್ಕೆ ಕರೆತಂದಳೆಂದೂ ಆಮೇಲೆ ತಿಳಿಯಿತು. ಹಟ್ಟಿಯವರಲ್ಲಿ ಕೆಲವರು ಆ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟರಂತೆ. ಮುದುಕಿ ಅಂದಿನ ಮೇಲೆ ಮತ್ತೆ ಬಾಯಿ ಬಿಡಲಿಲ್ಲ.

ಮಗು ನೋಡಲು, ಚಾಪೆಯನ್ನೂ ಹೊತ್ತು, ಮತ್ತೊಮ್ಮೆ ಹೋದೆವು. ಹಟ್ಟಿ ಇನ್ನೂ ಹತ್ತಿರವಾಗಿರಲಿಲ್ಲ, ಗುಡಿಸಲ ಒಳಗಿನಿಂದ ಯಾರೋ ಕರೆದಂತಾಯಿತು. ಎಲ್ಲರೂ ಗಕ್ಕನೆ ನಿಂತೆವು. ತಡಿಕೆಯ ಸಂದಿನಲ್ಲಿ ಎರಡು ಕಣ್ಣು ಕಂಡವು. ಬೇರೆ ಮನೆಯ ಸೊಸೆ, ಹಸಿ ಬಾಣಂತಿ.

“ಅಕ್ಕಾ, ಇವತ್ತೂ ನಾಟ್ಕ ಐತಾ?” ಎಂದು ಕೇಳಿದಳು. “ಇಲ್ಲಿಗೆ ಕೇಳ್ಸಂಗೆ ಆಡ್ರಿ.”

ನಾವು ಮುಂದೆ ಹೋಗಲಿಲ್ಲ. ಅಲ್ಲೇ, ಅವಳ ಗುಡಿಸಲ ಎದುರಿಗೇ ಚಾಪೆ ಹಾಸಿದೆವು.